ಎಡಗಡೆ ಸ್ಟೇರಿಂಗ್, ಪಕ್ಕದಲ್ಲಿ ಒಂದು ನೋಟ್‌ಬುಕ್

ಮಗಳು ಮ್ಯೂನಿಕ್‌ಗೆ ಓದಲು ಹೋಗಿ ಒಂದು ವರ್ಷ ತುಂಬುವ ಹೊತ್ತಿಗೆ, 2023ರ ಸೆಪ್ಟೆಂಬರ್‌ನಲ್ಲಿ, ನಾವಿಬ್ಬರೂ ಅವಳನ್ನು ನೋಡಲು ಹೋದೆವು. ಆಸ್ಟ್ರಿಯಾ ದಾಟಿ ಇಟಲಿಯ ಡೋಲೊಮೈಟ್ ಬೆಟ್ಟಗಳಿಗೆ ಹೋಗಿಬರಬೇಕು ಅನ್ನುವುದು ಅವಳ ಆಸೆ. "ಕಾರು ಬಾಡಿಗೆಗೆ ತಗೊಳ್ಳೋಣ, ಆದ್ರೆ ಓಡಿಸೋದು ನೀನೇ ಅಮ್ಮ" ಅಂದಳು. ಅದಕ್ಕೆ ಕಾರಣವಿತ್ತು. ಜರ್ಮನಿಯಲ್ಲಿ ವಾಸಕ್ಕೆ ನಿಂತವರಿಗೆ ನಮ್ಮ ದೇಶದ ಡಿಎಲ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿನ ಪರೀಕ್ಷೆ ಪಾಸು ಮಾಡಿ ಅಲ್ಲಿನದೇ ಡಿಎಲ್ ಪಡೆಯಬೇಕು. ಅವಳ ಆರು ತಿಂಗಳು ಮುಗಿದಿತ್ತು. ಪ್ರವಾಸಕ್ಕೆ ಹೋದ ನನ್ನದು ನಡೆಯುತ್ತಿತ್ತು. ನಮ್ಮವರು ಭೂಮಾಪನ ಇಲಾಖೆಯಿಂದ ನಿವೃತ್ತರಾದವರು, ಮಂಡಿನೋವಿನಿಂದಾಗಿ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ನಾನು ಹಾಸನದಲ್ಲಿ ಬ್ಯಾಂಕ್ ಕೆಲಸದವಳು. 22 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಮಳೆಗಾಲದಲ್ಲೂ ಶಿರಾಡಿ ಘಾಟಿ ಇಳಿದು ಹತ್ತಿದ್ದೇನೆ. ರಸ್ತೆಯ ಭಯ ನನಗಿರಲಿಲ್ಲ. ಭಯವೆಲ್ಲ ಕಾಗದಪತ್ರದ್ದು.

ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಸಿಗುವುದು ನಮ್ಮ ಆರ್‌ಟಿಒ ಕಚೇರಿಯಲ್ಲೇ. ಅರ್ಜಿಯ ಜೊತೆ ಪಾಸ್‌ಪೋರ್ಟಿನ ಪ್ರತಿ, ಶುಲ್ಕ 1000 ರೂಪಾಯಿ. ಒಂದು ವರ್ಷದ ಅವಧಿಯ ಸಣ್ಣ ಪುಸ್ತಕ ಕೊಡುತ್ತಾರೆ. ಅದೊಂದೇ ಸಾಲದು, ಮೂಲ ಡಿಎಲ್ ಕೂಡ ಕೈಯಲ್ಲಿರಬೇಕು. ಇಟಲಿ, ಆಸ್ಟ್ರಿಯಾ ಎರಡೂ ಕಡೆ ಪೊಲೀಸರು ಕೇಳಿದರೆ ಎರಡನ್ನೂ ಒಟ್ಟಿಗೆ ತೋರಿಸಬೇಕು.

ಇನ್ನೊಂದು ಕ್ರೆಡಿಟ್ ಕಾರ್ಡಿನ ವಿಷಯ. ಬ್ಯಾಂಕಿನಲ್ಲಿರುವವಳಾಗಿ ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಬಾಡಿಗೆ ಹಣವನ್ನು ಮೊದಲೇ ಯಾರು ಕಟ್ಟಿದ್ದರೂ, ಕೌಂಟರಿನಲ್ಲಿ ಠೇವಣಿಗೆ ಹಿಡಿಯುವ ಕಾರ್ಡು ಓಡಿಸುವವರ ಹೆಸರಿನಲ್ಲೇ ಇರಬೇಕು, ಅದೂ ಹೆಚ್ಚಿನ ಕಂಪನಿಗಳಲ್ಲಿ ಕ್ರೆಡಿಟ್ ಕಾರ್ಡೇ ಆಗಿರಬೇಕು. ಮಗಳು ತನ್ನ ಡೆಬಿಟ್ ಕಾರ್ಡಿನಿಂದ ಬುಕ್ ಮಾಡಿದ್ದಳು, ನಾವು ಅಷ್ಟಕ್ಕೇ ನಿಶ್ಚಿಂತೆಯಾಗಿ ಹೋಗಿದ್ದರೆ ಕಾರಿನ ಕೀಲಿ ಸಿಗುತ್ತಿರಲಿಲ್ಲ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶದ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ನಾವೇ ತೆರೆಸಿಕೊಳ್ಳಬೇಕು. ಹೊರಡುವ ವಾರ ಮೊದಲೇ ಅದನ್ನು ತೆರೆಸಿ, ಮಿತಿಯನ್ನೂ ಏರಿಸಿಕೊಂಡಿದ್ದೆ. ಅಲ್ಲಿ ನನ್ನ ಕಾರ್ಡಿನಲ್ಲಿ 1200 ಯೂರೋ ತಡೆಹಿಡಿದರು. ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ?" ಎಂದು ಕೇಳಿತು. ಇಂಥ ಕಡೆ ಯೂರೋವನ್ನೇ ಒತ್ತಬೇಕು. ರೂಪಾಯಿ ಒತ್ತಿದರೆ ಅವರು ಹೇಳಿದ ದರಕ್ಕೆ ನಾವು ಒಪ್ಪಿದಂತಾಗುತ್ತದೆ, ಆ ದರ ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ.

ಕೌಂಟರಿನಲ್ಲಿ ಅರ್ಧ ಗಂಟೆ ಹೋಗಿದ್ದು ವಿಮೆಯ ಮಾತಿಗೆ. ಬಾಡಿಗೆಯ ಜೊತೆ ವಿಮೆ ಇದ್ದೇ ಇರುತ್ತದೆ, ಆದರೆ ಅಪಘಾತವಾದರೆ ಒಂದು ಮೊತ್ತದವರೆಗೆ ನಮ್ಮದೇ ಹೊಣೆ. ಆ ಹೊಣೆಯನ್ನು ಸೊನ್ನೆಗೆ ಇಳಿಸಲು ದಿನಕ್ಕೆ ಇಷ್ಟು ಎಂದು ಇನ್ನೊಂದು ವಿಮೆ ಮಾರುತ್ತಾರೆ. ಕೌಂಟರಿನ ಹುಡುಗ ಇಟಲಿಯ ಹೆಸರು ಹೇಳಿ ಹೇಳಿ ಹೆದರಿಸಿದ. ಮಗಳು ಬುಕ್ ಮಾಡುವಾಗಲೇ ಬೇರೆ ಕಡೆಯಿಂದ ಅದಕ್ಕಿಂತ ಕಡಿಮೆಗೆ ಅಂಥದ್ದೇ ವಿಮೆ ಕೊಂಡಿದ್ದಳು. ಟಯರು, ಗಾಜು, ಕಾರಿನ ತಳಭಾಗ, ಈ ಮೂರೂ ಸೇರಿವೆಯೇ ಎಂದು ನೋಡಿಯೇ ಕೊಂಡದ್ದು. ಎಷ್ಟೋ ವಿಮೆಗಳು ಬಿಟ್ಟುಬಿಡುವುದು ಇವನ್ನೇ. ಬೇಡ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಅವನೇ ಕೇಳಲಿಲ್ಲ. ಆಸ್ಟ್ರಿಯಾಕ್ಕೂ ಇಟಲಿಗೂ ಕಾರು ಒಯ್ಯುತ್ತೇವೆ ಎನ್ನುವುದನ್ನು ಮಾತ್ರ ಕರಾರಿನಲ್ಲಿ ಬರೆಸಿಕೊಂಡೆವು. ಬರೆಸದೆ ಗಡಿ ದಾಟಿದರೆ ವಿಮೆಯೇ ಬಿದ್ದುಹೋಗಬಹುದು.

ಕಾರು ನಿಂತಿದ್ದದ್ದು ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡದಲ್ಲಿ. ಬೂದು ಬಣ್ಣದ ಡೀಸೆಲ್ ಕಾರು, ಆಟೊಮ್ಯಾಟಿಕ್. ಆಟೊಮ್ಯಾಟಿಕ್‌ಗೆ ಬಾಡಿಗೆ ಹೆಚ್ಚು. ಆದರೂ ಮೊದಲ ಸಲ ಎಡಗಡೆ ಕೂತು ಓಡಿಸುವವರು ಅದಕ್ಕೇ ಹಣ ಹಾಕಬೇಕು, ಬಲಗೈಯಲ್ಲಿ ಗೇರ್ ಹುಡುಕುವ ಕಷ್ಟವೊಂದು ತಪ್ಪುತ್ತದೆ. ಮಗಳು ಫೋನ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ವಿಡಿಯೋ ಮಾಡಿದಳು. ನಾಲ್ಕು ಚಕ್ರದ ರಿಮ್ಮಿನ ಹತ್ತಿರ ಬಗ್ಗಿ ಬಗ್ಗಿ ತೆಗೆದಳು. ಮುಂದಿನ ಬಲಚಕ್ರದ ರಿಮ್ಮಿನಲ್ಲಿ ಬೆರಳುದ್ದದ ಗೀರು ಇತ್ತು. ಅದನ್ನು ಕಾಗದದಲ್ಲಿ ನಮೂದಿಸಿ ಎಂದರೆ ಅಲ್ಲಿದ್ದವರು "ಅಷ್ಟು ಸಣ್ಣದಕ್ಕೆ ಬೇಡ" ಅಂದರು. ವಿಡಿಯೋದಲ್ಲಿ ಇದೆಯಲ್ಲ ಎಂದು ನಾವೂ ಸುಮ್ಮನಾದೆವು. ಡಿಕ್ಕಿಯಲ್ಲಿ ಎಚ್ಚರಿಕೆಯ ತ್ರಿಕೋನ, ಹೊಳೆಯುವ ಅಂಗಿ ಇವೆಯೇ ನೋಡಿದೆವು. ಆಮೇಲೆ ನಾನು ಆ ಕಟ್ಟಡದೊಳಗೇ ಕಾಲು ಗಂಟೆ ಸುತ್ತು ಹೊಡೆದೆ. ನಮ್ಮ ಕಾರುಗಳಲ್ಲಿ ಇಂಡಿಕೇಟರ್ ಬಲಗಡೆ, ಅಲ್ಲಿ ಎಡಗಡೆ. ಕೈ ಹಳೆ ಅಭ್ಯಾಸಕ್ಕೆ ಹೋದರೆ ವೈಪರ್ ಆಡುತ್ತದೆ, ಹಿಂದಿನವರಿಗೆ ನಾವು ತಿರುಗುವುದೇ ತಿಳಿಯುವುದಿಲ್ಲ. ಈ ಒಂದು ಅಭ್ಯಾಸಕ್ಕೇ ಹತ್ತು ನಿಮಿಷ ಕೊಟ್ಟೆ.

ಇನ್ನು ನಮ್ಮವರ ನೋಟ್‌ಬುಕ್. ಹಾಸನದಿಂದಲೇ ಒಂದು 200 ಪುಟದ ಉದ್ದ ನೋಟ್‌ಬುಕ್ ತಂದಿದ್ದರು. ಸರ್ವೆ ಕೆಲಸದವರ ಕೈ, ಸ್ಕೇಲಿಟ್ಟು ಗೆರೆ ಹೊಡೆದಿದ್ದರು. ಮೊದಲ ನಾಲ್ಕು ಪುಟದಲ್ಲಿ ರಸ್ತೆಯ ಬೋರ್ಡುಗಳ ಚಿತ್ರ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ. ಹಳದಿ ವಜ್ರಾಕಾರ: ನಾವಿರುವುದು ಮುಖ್ಯ ರಸ್ತೆ, ಮುಂದೆ ಹೋಗುವ ಹಕ್ಕು ನಮ್ಮದು. ಅದರ ಮೇಲೆ ಅಡ್ಡಗೆರೆ: ಆ ಹಕ್ಕು ಮುಗಿಯಿತು. ಬೋರ್ಡೇ ಇಲ್ಲದ ಕೂಡುರಸ್ತೆ: ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರು ಎಷ್ಟೇ ಸಣ್ಣ ಓಣಿಯಿಂದ ಬರಲಿ. ಬಿಳಿ ವೃತ್ತದ ಮೇಲೆ ಓರೆ ಕಪ್ಪು ಗೆರೆಗಳು: ವೇಗದ ಮಿತಿ ಮುಗಿಯಿತು. ಕೆಂಪು ಅಂಚಿನ ಖಾಲಿ ಬಿಳಿ ವೃತ್ತ: ಯಾವ ವಾಹನಕ್ಕೂ ಪ್ರವೇಶವಿಲ್ಲ. ಐದನೆಯ ಪುಟದಿಂದ ಊರುಗಳ ಹೆಸರು.

"ಫೋನ್ ಇದೆಯಲ್ಲಪ್ಪ, ಇದೆಲ್ಲ ಯಾಕೆ?" ಅಂದಳು ಮಗಳು.

"ಫೋನು ದಾರಿ ಹೇಳುತ್ತೆ ಪುಟ್ಟಿ. ಆ ದಾರೀಲಿ ನಾವು ಹೋಗಬಹುದೋ ಬೇಡವೋ ಅಂತ ಹೇಳೋದು ಬೋರ್ಡು" ಅಂದರು. ಮೂವತ್ತು ವರ್ಷ ಜನರ ಜಮೀನಿನ ಗಡಿ ಅಳೆದವರು ಅವರು. ನಕ್ಷೆಯಲ್ಲಿ ದಾರಿ ಕಂಡ ಮಾತ್ರಕ್ಕೆ ಅದು ಎಲ್ಲರ ದಾರಿಯಲ್ಲ ಅನ್ನುವುದು ಅವರಿಗೆ ಗೊತ್ತು. ನಾನು ಓಡಿಸುವುದು, ಮಗಳು ಹಿಂದೆ ಕೂತು ಫೋನ್ ನೋಡುವುದು, ಅವರು ಪಕ್ಕದಲ್ಲಿ ಕೂತು ಬೋರ್ಡು ಓದುವುದು ಎಂದು ತೀರ್ಮಾನವಾಯಿತು.

ಮೊದಲ ಒಂದು ಗಂಟೆ ಅವರ ಬಾಯಲ್ಲಿ ಬಂದದ್ದು ಒಂದೇ ಮಾತು: "ಬಲಕ್ಕೆ ಬರ್ತಾ ಇದೆ." ಎಡಗಡೆ ಕೂತಾಗ ಕಾರಿನ ಹೆಚ್ಚಿನ ಭಾಗ ನಮ್ಮ ಬಲಕ್ಕಿರುತ್ತದೆ. ಆ ಅಂದಾಜು ಸಿಗುವವರೆಗೆ ಕಾರು ಬಲದ ಗೆರೆಯ ಕಡೆಗೇ ಜರುಗುತ್ತದೆ. ಎಡಗಡೆಯ ಗೆರೆ ಕನ್ನಡಿಯಲ್ಲಿ ಎಷ್ಟು ದೂರ ಕಾಣಬೇಕು ಎಂದು ಗುರುತಿಟ್ಟುಕೊಂಡ ಮೇಲೆ ಸರಿಹೋಯಿತು. ಜರ್ಮನಿಯ ಹೆದ್ದಾರಿಯಾದ ಆಟೊಬಾನ್‌ನಲ್ಲಿ ಮಿತಿ ಇಲ್ಲದ ಕಡೆ 130 ಕಿ.ಮೀ. ಅನ್ನುವುದು ಸಲಹೆಯ ವೇಗ. ನಾನು 110ರಲ್ಲಿ ಬಲದ ಸಾಲಿನಲ್ಲೇ ಇದ್ದೆ. ಬಲಗಡೆಯಿಂದ ಓವರ್‌ಟೇಕ್ ಮಾಡುವುದು ಅಲ್ಲಿ ನಿಷಿದ್ಧ, ಹಾಗಾಗಿ ಎಡದ ಸಾಲಿಗೆ ಹೋದವರು ಕೆಲಸ ಮುಗಿಸಿ ಬಲಕ್ಕೆ ಮರಳಲೇಬೇಕು. ಇದನ್ನು ಎಲ್ಲರೂ ಪಾಲಿಸುವುದರಿಂದ ಹಿಂದಿನಿಂದ 180ರಲ್ಲಿ ಬಂದವರೂ ನನ್ನನ್ನು ಹೆದರಿಸಲಿಲ್ಲ.

ಇರ್ಶೆನ್‌ಬೆರ್ಗ್ ಎನ್ನುವ ಏರು ಬರುವ ಮೊದಲು ವಾಹನಗಳೆಲ್ಲ ನಿಧಾನವಾಗಿ ನಿಂತವು. ಮೂರು ಸಾಲು. ನಿಲ್ಲುವ ಮೊದಲೇ ಎಡದ ಸಾಲಿನವರೆಲ್ಲ ಇನ್ನೂ ಎಡಕ್ಕೆ, ಉಳಿದ ಎರಡು ಸಾಲಿನವರು ಬಲಕ್ಕೆ ಸರಿದರು. ನಡುವೆ ಒಂದು ವಾಹನ ಹೋಗುವಷ್ಟು ಖಾಲಿ ಓಣಿ ಬಿಟ್ಟಿತು. ಸೈರನ್ ಇಲ್ಲ, ಪೊಲೀಸ್ ಇಲ್ಲ. ಮಗಳು "ಅಮ್ಮ, ನೀನೂ ಬಲಕ್ಕೆ ಸರಿ" ಅಂದಳು. ರೆಟುಂಗ್ಸ್‌ಗಾಸೆ ಎಂದು ಅದಕ್ಕೆ ಹೆಸರು, ಜೀವ ಉಳಿಸುವ ಓಣಿ. ವಾಹನಗಳು ನಿಧಾನವಾದ ಕೂಡಲೇ ಹೀಗೆ ಬಿಡಬೇಕು ಎನ್ನುವುದು ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ಕಾನೂನು. ಐದು ನಿಮಿಷದ ಮೇಲೆ ಆಂಬುಲೆನ್ಸ್ ಬಂತು. ಆ ಓಣಿಯಲ್ಲಿ ಎಲ್ಲೂ ತಡೆಯದೆ ಹೋಯಿತು. ನನ್ನ ಅಪ್ಪನನ್ನು ಹಾಸನದಿಂದ ಬೆಂಗಳೂರಿಗೆ ಕರೆದೊಯ್ಯುವಾಗ ನೆಲಮಂಗಲದ ಹತ್ತಿರ ನಮ್ಮ ಆಂಬುಲೆನ್ಸ್ 40 ನಿಮಿಷ ನಿಂತಿತ್ತು. ಡ್ರೈವರ್ ಇಳಿದು ಒಂದೊಂದು ಗಾಡಿಗೂ ಕೈ ಮುಗಿದಿದ್ದ. ಸ್ಟೇರಿಂಗ್ ಹಿಡಿದಿದ್ದ ನನಗೆ ಕಣ್ಣು ತುಂಬಿತು. ನಮ್ಮವರು ಮಾತಾಡದೆ ನೀರಿನ ಬಾಟಲಿ ಕೊಟ್ಟರು.

ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಚೀಟಿ ಬೇಕು. ಗಡಿಗೆ ಮೊದಲಿನ ಪೆಟ್ರೋಲ್ ಬಂಕಿನಲ್ಲೇ ಕೊಂಡೆವು, 10 ದಿನಕ್ಕೆ 9.90 ಯೂರೋ ಇತ್ತು ಆ ವರ್ಷ. ದಿನಾಂಕದ ಜಾಗದಲ್ಲಿ ತೂತು ಮಾಡಿ ಕೊಟ್ಟರು. ಅದನ್ನು ಮುಂದಿನ ಗಾಜಿಗೆ ಅದರದೇ ಅಂಟಿನಿಂದ ಅಂಟಿಸಬೇಕಿತ್ತು. ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡರೆ ಲೆಕ್ಕಕ್ಕಿರಲಿಲ್ಲ. ನಮ್ಮವರು ಗಾಜು ಒರೆಸಿ, ಗುಳ್ಳೆ ಬರದಂತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು. ಇನ್ಸ್‌ಬ್ರುಕ್ ಆದ ಮೇಲೆ ಬ್ರೆನ್ನರ್ ಕಡೆಗೆ ಹೋಗುವ ದಾರಿಗೆ ಈ ಚೀಟಿ ನಡೆಯುವುದಿಲ್ಲ, ಬೇರೆ ಟೋಲ್ ಕಟ್ಟಬೇಕು. ಅಲ್ಲೇ ಕಣಿವೆಯಿಂದ 190 ಮೀಟರ್ ಎತ್ತರದಲ್ಲಿ ಯೂರೋಪಾ ಸೇತುವೆ ಇದೆ, 1963ರಲ್ಲಿ ತೆರೆದದ್ದು.

ಸೇತುವೆ ದಾಟಿದ ಮೇಲೆ ಮತ್ತೆ ವಾಹನಗಳ ಸಾಲು. ಫೋನು "ಇಲ್ಲಿ ಹೆದ್ದಾರಿ ಬಿಟ್ಟು ಊರಿನ ರಸ್ತೆ ಹಿಡಿದರೆ ಏಳು ನಿಮಿಷ ಉಳಿಯುತ್ತದೆ" ಅಂದಿತು. ಇಂಡಿಕೇಟರ್ ಹಾಕಿಯೂ ಆಗಿತ್ತು.

"ಇರು, ಹೋಗ್ಬೇಡ" ಅಂದರು ನಮ್ಮವರು. "ಕೆಂಪು ಅಂಚಿನ ಬಿಳಿ ವೃತ್ತ ಇದೆ."

ಅದರ ಕೆಳಗೆ ಜರ್ಮನ್‌ನಲ್ಲಿ ಎರಡು ಸಾಲು. ಮಗಳು ಓದಿದಳು: ಇಲ್ಲಿನ ಊರುಗಳಿಗೆ ಬರುವವರು, ಇಲ್ಲಿಂದ ಹೊರಡುವವರು ಮಾತ್ರ. ಬೇಸಿಗೆಯ ವಾರಾಂತ್ಯಗಳಲ್ಲಿ ಹೆದ್ದಾರಿಯ ಜನವೆಲ್ಲ ಹಳ್ಳಿಯ ರಸ್ತೆಗೆ ನುಗ್ಗಿ, ಅಲ್ಲಿನವರು ಮನೆಯಿಂದ ಹೊರಬರುವುದೇ ಕಷ್ಟವಾಗಿ, 2019ರಿಂದ ಆಸ್ಟ್ರಿಯಾದ ಟಿರೋಲ್ ರಾಜ್ಯದ ಸರಕಾರ ಹೀಗೆ ತಡೆದಿದೆಯಂತೆ. ನಾವು ಹೋದದ್ದು ಶನಿವಾರ. ಸಾಲಿನಲ್ಲೇ ಉಳಿದೆವು. ಫೋನಿಗೆ ಆ ರಸ್ತೆ ಖಾಲಿ ಎಂದು ಗೊತ್ತಿತ್ತು, ಯಾಕೆ ಖಾಲಿ ಎಂದು ಗೊತ್ತಿರಲಿಲ್ಲ.

1370 ಮೀಟರ್ ಎತ್ತರದ ಬ್ರೆನ್ನರ್‌ನಲ್ಲಿ ಗಡಿ ದಾಟಿದ್ದು ತಿಳಿಯಲೇ ಇಲ್ಲ. ತಿಳಿದದ್ದು ಊರುಗಳ ಹೆಸರು ಎರಡೆರಡಾದಾಗ. ಮೊದಲ ಮಹಾಯುದ್ಧ ಮುಗಿಯುವವರೆಗೆ ಈ ದಕ್ಷಿಣ ಟಿರೋಲ್ ಆಸ್ಟ್ರಿಯಾದ್ದು, ಆಮೇಲೆ ಇಟಲಿಯ ಪಾಲಾಯಿತು. ಜನ ಇಂದಿಗೂ ಹೆಚ್ಚಾಗಿ ಜರ್ಮನ್ ಆಡುತ್ತಾರೆ. ಸ್ಟೆರ್ಟ್ಸಿಂಗ್ ಎಂದರೂ ವಿಪಿತೇನೋ ಎಂದರೂ ಒಂದೇ ಊರು. ಬ್ರಿಕ್ಸೆನ್ ಮತ್ತು ಬ್ರೆಸ್ಸಾನೋನೆ ಒಂದೇ. ಫೋನು ಒಂದು ಹೆಸರು ಹೇಳುತ್ತಿತ್ತು, ನನ್ನ ಕಣ್ಣಿಗೆ ಇನ್ನೊಂದು ಬೀಳುತ್ತಿತ್ತು. 110ರ ವೇಗದಲ್ಲಿ ಇದನ್ನು ಯೋಚಿಸಲು ಸಮಯವಿರುವುದಿಲ್ಲ. ನೋಟ್‌ಬುಕ್ಕಿನ ಐದನೆಯ ಪುಟ ಕೆಲಸಕ್ಕೆ ಬಂದದ್ದು ಇಲ್ಲಿ. "ಕ್ಲೌಸೆನ್, ಕ್ಯೂಸಾ, ಇದೇ ನಮ್ಮದು, ಬಲಕ್ಕೆ" ಎಂದು ಅವರು ಎರಡು ಕಿಲೋಮೀಟರ್ ಮೊದಲೇ ಹೇಳಿದರು. ನಾವು ಉಳಿದುಕೊಂಡ ಊರಿಗಂತೂ ಮೂರು ಹೆಸರು: ಇಟಾಲಿಯನ್‌ನಲ್ಲಿ ಓರ್ತಿಸೇಯಿ, ಜರ್ಮನ್‌ನಲ್ಲಿ ಸಾಂಕ್ಟ್ ಉಲ್ರಿಶ್, ಆ ಕಣಿವೆಯ ಲಾಡಿನ್ ಭಾಷೆಯಲ್ಲಿ ಉರ್ತಿಜೇಯ್. ಮೂರನ್ನೂ ಬೋರ್ಡಿನ ಮೇಲೆ ಬರೆದಿದ್ದಾರೆ. ಕಾಸರಗೋಡಿನ ಕಡೆಯ ನೆಂಟರು ನಮಗಿದ್ದಾರೆ, ಊರಿನ ಹೆಸರು ಬೋರ್ಡಿನ ಮೇಲೆ ತಮ್ಮ ಬಾಯಿಯ ಹೆಸರಾಗಿ ಉಳಿಯಬೇಕು ಎಂಬ ಸಂಕಟ ಅವರಿಂದ ಕೇಳಿ ಗೊತ್ತು. ನಮ್ಮವರು ಆ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಇಟಲಿಯ ಹೆದ್ದಾರಿಯಲ್ಲಿ ಒಳಬರುವಾಗ ಯಂತ್ರದಿಂದ ಟಿಕೆಟ್ ತೆಗೆದುಕೊಂಡು ಹೊರಹೋಗುವಾಗ ಹಣ ಕಟ್ಟಬೇಕು. ಟಿಕೆಟ್ ಕಳೆದರೆ ಅತಿ ದೂರದ ಗೇಟಿನಿಂದ ಬಂದಂತೆ ಲೆಕ್ಕ ಹಾಕುತ್ತಾರೆ. ಹಳದಿ ಬೋರ್ಡಿನ ಗೇಟು ನಮ್ಮ ಫಾಸ್ಟ್ಯಾಗ್‌ನಂಥ ಉಪಕರಣ ಇರುವವರಿಗೆ, ಅದರ ಕಡೆ ಹೋಗಬಾರದು.

ಬೆಟ್ಟದ ಎರಡು ದಿನ ನನಗೆ ಹಬ್ಬ. ಸೆಲ್ಲಾ ಘಾಟಿ ಹತ್ತಿ ಇಳಿದು, 2239 ಮೀಟರ್ ಎತ್ತರದ ಪೊರ್ದೊಯ್ ಹತ್ತಿ, ಅರಾಬ್ಬಾ ಕಡೆಗೆ ಇಳಿದೆವು. ಆ ಇಳಿತದಲ್ಲಿ 33 ಹೇರ್‌ಪಿನ್ ತಿರುವು. ಆಗುಂಬೆಯ 14 ತಿರುವಿನಲ್ಲಿ ಕಲಿತ ಪಾಠ ಇಲ್ಲಿ ಹಾಗೇ ನಡೆಯಿತು: ಹತ್ತಿದ ಗೇರಿನಲ್ಲೇ ಇಳಿ, ಬ್ರೇಕನ್ನು ಒತ್ತಿ ಹಿಡಿಯಬೇಡ, ಒತ್ತಿ ಬಿಡು. ಆಟೊಮ್ಯಾಟಿಕ್ ಕಾರಿನಲ್ಲೂ ಗೇರನ್ನು ಕೈಯಲ್ಲಿ ತಗ್ಗಿಸಿ ಹಿಡಿಯುವ ವ್ಯವಸ್ಥೆ ಇರುತ್ತದೆ, ಅದನ್ನು ಹಿಂದಿನ ಸಂಜೆಯೇ ನೋಡಿಕೊಂಡಿದ್ದೆ. ಮುಂದಿದ್ದ ಒಂದು ಕಾರಿನಿಂದ ಬ್ರೇಕ್ ಕಾದ ವಾಸನೆ ಬರುತ್ತಿತ್ತು. ಪ್ರತಿ ತಿರುವಿಗೂ ತೊರ್ನಾಂತೆ ಎಂದು ಬರೆದು ಸಂಖ್ಯೆ ಹಾಕಿದ್ದಾರೆ. ಮಗಳು ಎಣಿಸುತ್ತಿದ್ದಳು. ನಮ್ಮಲ್ಲಿ ತಿರುವಿಗೆ ಹಾರ್ನ್ ಮಾಡುತ್ತೇವೆ, ಅಲ್ಲಿ ಯಾರೂ ಮಾಡಲಿಲ್ಲ. ಸೈಕಲ್ ತುಳಿಯುವವರು ಏರಿನಲ್ಲಿ ಹೆಚ್ಚು, ಅವರ ಹಿಂದೆ ತಾಳ್ಮೆಯಿಂದ ಹೋಗಿ, ನೇರ ರಸ್ತೆ ಕಂಡಾಗ ಒಂದೂವರೆ ಮೀಟರ್ ಅಂತರ ಬಿಟ್ಟು ದಾಟಬೇಕು. ಅರಾಬ್ಬಾದಲ್ಲಿ ಕಾರು ನಿಲ್ಲಿಸಿ ಮೇಲೆ ನೋಡಿದರೆ ನಾವು ಇಳಿದ ರಸ್ತೆ ಹಸಿರು ಇಳಿಜಾರಿನ ಮೇಲೆ ಹೊಲಿದ ದಾರದಂತೆ ಕಾಣುತ್ತಿತ್ತು.

ಡೀಸೆಲ್ ಹಾಕಿಸುವಾಗ ಒಂದು ಮಾತು ನೆನಪಿಡಬೇಕು. ಇಟಲಿಯ ಬಂಕಿನಲ್ಲಿ ಗಜೋಲಿಯೋ ಎಂದು ಬರೆದಿರುವುದು ಡೀಸೆಲ್, ಬೆಂಜೀನಾ ಎಂದರೆ ಪೆಟ್ರೋಲ್. ಪೆಟ್ರೋಲಿಗೆ ಅಮೆರಿಕದವರು ಹೇಳುವ ಗ್ಯಾಸೋಲಿನ್ ಎಂಬ ಮಾತಿನ ನೆನಪಲ್ಲಿ ಪೆಟ್ರೋಲ್ ಕಾರಿಗೆ ಗಜೋಲಿಯೋ ಹಾಕಿದರೆ ಎಂಜಿನ್ ಕೆಡುತ್ತದೆ. ಯೂರೋಪಿನ ಬಂಕುಗಳಲ್ಲೆಲ್ಲ ಪೆಟ್ರೋಲಿಗೆ ವೃತ್ತದ ಗುರುತು, ಡೀಸೆಲಿಗೆ ಚೌಕದ ಗುರುತು. ಇಂಧನದ ಮುಚ್ಚಳದ ಒಳಗೂ ಅದೇ ಗುರುತು ಇರುತ್ತದೆ, ಎರಡನ್ನೂ ಹೋಲಿಸಿ ನೋಡುವುದು ಕ್ಷೇಮ. ಸಹಾಯಕರು ಬಂದು ಹಾಕುವ ಪಂಪಿನಲ್ಲಿ ದರ ಹೆಚ್ಚು.

ಇಷ್ಟೆಲ್ಲ ಎಚ್ಚರವಿದ್ದೂ ತಪ್ಪಾದದ್ದು ಕೊನೆಯ ಸಂಜೆ. ಬೆಟ್ಟ ಇಳಿದು ತೆಂಕಣದ ಒಂದು ಹಳೆ ಪಟ್ಟಣಕ್ಕೆ ಹೋಗಿದ್ದೆವು. ಊರಿನ ಹೆಸರು ಬೇಡ, ತಪ್ಪು ನಮ್ಮದೇ. ಇಟಲಿಯ ಹಳೆ ಪಟ್ಟಣಗಳ ನಡುಭಾಗದಲ್ಲಿ ಝಡ್‌ಟಿಎಲ್ ಎಂಬ ವಲಯ ಇರುತ್ತದೆ. ಅನುಮತಿ ಇರುವ ವಾಹನ ಮಾತ್ರ ಒಳಗೆ ಹೋಗಬೇಕು. ಗೇಟು ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ಇದು ನಮಗೆ ಗೊತ್ತಿತ್ತು. ನಮ್ಮವರಿಗೆ ಮಂಡಿ ನೋಯುತ್ತಿತ್ತು, ಊಟದ ಜಾಗದ ಹತ್ತಿರಕ್ಕೆ ಅವರನ್ನು ಬಿಟ್ಟು ಕಾರನ್ನು ಹೊರಗೆ ನಿಲ್ಲಿಸೋಣ ಎಂದುಕೊಂಡೆ. ಫೋನು ಕಲ್ಲು ಹಾಸಿದ ಓಣಿಯೊಂದನ್ನು ತೋರಿಸಿತು. ಓಣಿಯ ಬಾಯಲ್ಲಿ ಮಿಂಚುವ ಬೋರ್ಡು: ವಾರ್ಕೋ ಅತ್ತೀವೋ. ವಾರ್ಕೋ ಎಂದರೆ ದ್ವಾರ ಎಂದು ಮಗಳಿಗೆ ಗೊತ್ತಿತ್ತು. ಅತ್ತೀವೋ ಅಂದರೆ ಆಕ್ಟಿವ್. "ದ್ವಾರ ಚಾಲೂ ಇದೆ, ಹೋಗಬಹುದು ಅನ್ಸುತ್ತೆ" ಅಂದಳು. ನನಗೂ ಸರಿ ಅನಿಸಿತು. ಹೊತ್ತು ಮುಳುಗಿತ್ತು, ಹಿಂದಿನವರು ಕಾಯುತ್ತಿದ್ದರು. ಪಕ್ಕದ ಗೋಡೆಗೆ ಒತ್ತಿ ನಿಂತ ಕಂಬದ ಮೇಲೆ ಕೆಂಪು ಅಂಚಿನ ಖಾಲಿ ವೃತ್ತ ಇತ್ತು, ಅದನ್ನು ನಮ್ಮವರು ಕಂಡದ್ದು ದಾಟಿದ ಮೇಲೆ. ಗಾಬರಿಯಲ್ಲಿ ಒಂದು ಸುತ್ತು ಹಾಕಿ ಹೊರಗೆ ಬರಲು ಹೋಗಿ ಇನ್ನೊಂದು ಕ್ಯಾಮೆರಾದ ಕೆಳಗೆ ಹಾದೆವು. ಚಾಲೂ ಇದ್ದದ್ದು ನಿರ್ಬಂಧ. ವಾರ್ಕೋ ನೋನ್ ಅತ್ತೀವೋ ಎಂದು ಇದ್ದಾಗ ಮಾತ್ರ ಹೋಗಬಹುದು.

ಮರುದಿನ ಹೊರಡುವಾಗ ಹೋಟೆಲಿನ ಯಜಮಾನಿ "ಮೊನಾಕೋಗೆ ಹೋಗ್ತಿದ್ದೀರಾ?" ಎಂದು ಕೇಳಿದರು. ಇಟಾಲಿಯನ್ನರು ಮ್ಯೂನಿಕ್ ನಗರವನ್ನು ಹಾಗೆಯೇ ಕರೆಯುತ್ತಾರೆ. ನಮ್ಮವರು ತಕ್ಷಣ ಬರೆದುಕೊಂಡರು.

ಕಾರು ಹಿಂದಿರುಗಿಸುವ ಮೊದಲು ವಿಮಾನ ನಿಲ್ದಾಣದ ಹತ್ತಿರವೇ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಂಡೆವು. ಪರೀಕ್ಷೆಗೆ ಬಂದವರು ನೇರ ಮುಂದಿನ ಬಲಚಕ್ರದ ಹತ್ತಿರ ಹೋಗಿ ಬಗ್ಗಿದರು. ಗೀರಿನ ಮೇಲೆ ಬೆರಳಿಟ್ಟು "ಇದು ಹೊಸದು" ಅಂದರು. ಮಗಳು ವಿಡಿಯೋ ತೆಗೆದು, ದಿನ, ಗಂಟೆ ಸಮೇತ ತೋರಿಸಿದಳು. ಎರಡು ಸಲ ನೋಡಿದರು. ಸರಿ ಎಂದು ಕಾಗದಕ್ಕೆ ಸಹಿ ಹಾಕಿಕೊಟ್ಟರು. ಸಹಿ ಮಾಡಿದ ಆ ಕಾಗದ ಕೈಗೆ ಬರದೆ ಅಲ್ಲಿಂದ ಕದಲಬಾರದು. ತಡೆಹಿಡಿದ 1200 ಯೂರೋ ಹನ್ನೊಂದು ದಿನಕ್ಕೆ ಬಿಡುಗಡೆಯಾಯಿತು.

ಡಿಸೆಂಬರ್‌ನಲ್ಲಿ ನನ್ನ ಕಾರ್ಡಿಗೆ ಎರಡು ಸಲ ಸಣ್ಣ ಮೊತ್ತ ಬಿತ್ತು. ಅದು ದಂಡವಲ್ಲ, ಪೊಲೀಸರಿಗೆ ನನ್ನ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಹಾಕಿದ ಶುಲ್ಕ. ದಂಡದ ಪತ್ರ ಬಂದದ್ದು ಏಪ್ರಿಲ್‌ನಲ್ಲಿ, ಹಾಸನದ ಮನೆಗೆ, ರಿಜಿಸ್ಟರ್ಡ್ ಅಂಚೆಯಲ್ಲಿ. ವಿದೇಶದವರಿಗೆ 360 ದಿನದೊಳಗೆ ಕಳಿಸಬಹುದು ಎನ್ನುವುದು ಅಲ್ಲಿನ ಕಾನೂನು. ಪ್ರತಿ ಕ್ಯಾಮೆರಾಕ್ಕೂ ಬೇರೆ ದಂಡ ಹಾಕಿದ್ದರು. ಒಂದಕ್ಕೆ 83 ಯೂರೋ, ಜೊತೆಗೆ ನೋಟಿಸಿನ ಖರ್ಚು. ಪತ್ರ ಕೈಸೇರಿದ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇ. 30 ಕಡಿಮೆ. ಪೋಸ್ಟ್‌ಮ್ಯಾನ್‌ಗೆ ಸಹಿ ಹಾಕಿದ ದಿನ ರಾತ್ರಿಯೇ ಎರಡನ್ನೂ ಆನ್‌ಲೈನಿನಲ್ಲಿ ಕಟ್ಟಿದೆ. ಪುಟ್ಟಿಗೆ ಫೋನ್ ಮಾಡಿದರೆ ಅವಳು ಅಳುವ ದನಿಯಲ್ಲಿ "ನಾನೇ ಹೇಳಿದ್ದಲ್ವಾ ಅಮ್ಮ, ಹೋಗಬಹುದು ಅಂತ" ಅಂದಳು. ಸ್ಟೇರಿಂಗ್ ಹಿಡಿದವಳು ನಾನು ಎಂದು ಸಮಾಧಾನ ಮಾಡಿದೆ.

ನಮ್ಮವರು ಕಪಾಟಿನಿಂದ ನೋಟ್‌ಬುಕ್ ತೆಗೆದರು. ಬೋರ್ಡಿನ ಚಿತ್ರಗಳ ಪುಟದಲ್ಲಿ ಕೆಂಪು ವೃತ್ತದ ಪಕ್ಕ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಅತ್ತೀವೋ, ಜಾರಿಯಲ್ಲಿದೆ, ಹೋಗಬಾರದು. ದಂಡ ಕಟ್ಟಿದ ರಸೀದಿಯ ಪ್ರತಿಯನ್ನು ಮಡಚಿ ಅದೇ ಪುಟಕ್ಕೆ ಪಿನ್ ಹಾಕಿದರು.